ಮುಖ ಬೇಡ, ಐದು ಮಿಲಿಮೀಟರ್ ತೂತು ಸಾಕು

ನಮ್ಮ ಹಾಸ್ಟೆಲ್ ರೂಮಿನ ಗೋಡೆ ಮೇಲೆ ಡಾರ್ತ್ ವೇಡರ್ ನೇತಾಡ್ತಾ ಇದ್ದಾನೆ. ಮೂರೂಮುಕ್ಕಾಲು ಇಂಚಿನ ಪ್ಲಾಸ್ಟಿಕ್ ಬೊಂಬೆ. ರಟ್ಟಿನ ಕಾರ್ಡು, ಅದಕ್ಕೆ ಅಂಟಿಸಿದ ಪಾರದರ್ಶಕ ಗುಳ್ಳೆ, ಅದರೊಳಗೆ ಇವನು. ರೂಮ್‌ಮೇಟ್ ತನ್ನ ಇಂಟರ್ನ್‌ಶಿಪ್ಪಿನ ಮೊದಲ ಸ್ಟೈಪೆಂಡಿನಲ್ಲಿ ತರಿಸಿಕೊಂಡದ್ದು. ಪಾರ್ಸೆಲ್ ಬಂದ ದಿನ ನಾಲ್ಕು ಜನ ಸುತ್ತ ಕೂತು "ತೆಗಿಯೋ, ನೋಡೋಣ" ಅಂದೆವು. "ತೆಗೆದ್ರೆ ವ್ಯಾಲ್ಯೂ ಹೋಗತ್ತೆ" ಅಂದ. ಆ ಬೊಂಬೆಯ ತೋಳಿನೊಳಗಿಂದ ಜಾರಿ ಹೊರಬರುವ ಒಂದು ಲೇಸರ್ ಕತ್ತಿ ಇದೆ. ಅದು ನಿಜವಾಗಿ ಜಾರುತ್ತದೋ ಇಲ್ಲವೋ ಆರು ತಿಂಗಳಾದರೂ ನಮ್ಮ ರೂಮಿನಲ್ಲಿ ಯಾರಿಗೂ ಗೊತ್ತಿಲ್ಲ.

ಹತ್ತಿರ ಹೋಗಿ ನೋಡಿದರೆ ಕಾರ್ಡಿನ ಅಂಚು ಸವೆದಿದೆ, ಅಲ್ಲಲ್ಲಿ ಬಣ್ಣ ಹೋಗಿದೆ. ಕೊರಿಯರ್‌ನವರು ಹಾಳು ಮಾಡಿದರು ಅಂತ ನಾನು ಮೊದಲು ಅಂದುಕೊಂಡೆ. ಬೆರಳಾಡಿಸಿ ನೋಡಿದಾಗ ಗೊತ್ತಾಯ್ತು, ಅದು ಸವೆತ ಅಲ್ಲ, ಪ್ರಿಂಟು! ಹ್ಯಾಸ್‌ಬ್ರೋ ಕಂಪನಿ 2019ರಲ್ಲಿ ಶುರು ಮಾಡಿದ 'ರೆಟ್ರೋ ಕಲೆಕ್ಷನ್' ಇದು. 1970ರ ದಶಕದ ಕೊನೆಯಲ್ಲಿ ಕೆನ್ನರ್ ಅನ್ನುವ ಕಂಪನಿ ಮಾಡಿದ ಸ್ಟಾರ್ ವಾರ್ಸ್ ಬೊಂಬೆಗಳ ರೂಪ, ಅದೇ ಐದು ಕೀಲು, ಅದೇ ಕಾರ್ಡು. ಜೊತೆಗೆ ನಲವತ್ತು ವರ್ಷದ ಮುಪ್ಪನ್ನೂ ಫ್ಯಾಕ್ಟರಿಯಲ್ಲೇ ಅಚ್ಚು ಹಾಕಿ ಕೊಟ್ಟಿದ್ದಾರೆ.

ಹಳೆಯ ಸೈನ್ಸ್ ಫಿಕ್ಷನ್ ಬೊಂಬೆಗಳನ್ನು ಮತ್ತೆ ಮಾಡಿ ಮಾರುವ ಕೆಲಸ ಈಗ ಜೋರಾಗಿ ನಡೆದಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಒಂದು ತಕರಾರಿದೆ. ಅದು ಬೊಂಬೆಗಳಿಂದ ಶುರುವಾಗಿ ನಮ್ಮ ಲ್ಯಾಬಿನ ಸ್ಟೋರ್ ರೂಮಿನವರೆಗೂ ಬರುತ್ತದೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಇತಿಹಾಸ. 1977ರ ಮೇ ತಿಂಗಳಲ್ಲಿ ಸ್ಟಾರ್ ವಾರ್ಸ್ ಸಿನಿಮಾ ಬಿಡುಗಡೆಯಾಯಿತು. ಅದು ಅಷ್ಟು ಓಡುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಕೆನ್ನರ್ ಹತ್ತಿರ ಲೈಸೆನ್ಸ್ ಇತ್ತು, ಬೊಂಬೆ ಇರಲಿಲ್ಲ. ಶಿಲ್ಪ ಮಾಡಿಸಿ, ಉಕ್ಕಿನ ಮೋಲ್ಡ್ ಕೊರೆಸಿ, ಪ್ಲಾಸ್ಟಿಕ್ ಇಂಜೆಕ್ಟ್ ಮಾಡಿ, ಬಣ್ಣ ಹಚ್ಚಿ ಡಿಸೆಂಬರ್ ಒಳಗೆ ಅಂಗಡಿಗೆ ತಲುಪಿಸುವುದು ಸಾಧ್ಯವೇ ಇರಲಿಲ್ಲ. ಪ್ರೊಡಕ್ಷನ್ ಎಂಜಿನಿಯರಿಂಗ್ ಓದಿದವರಿಗೆ ಈ ಸಂಕಟ ಅರ್ಥವಾಗುತ್ತದೆ. ಅವರು ಮಾಡಿದ್ದೇನು ಗೊತ್ತಾ? ಕ್ರಿಸ್‌ಮಸ್‌ಗೆ ಖಾಲಿ ಪೊಟ್ಟಣ ಮಾರಿದರು. ಒಳಗೆ ಒಂದು ರಟ್ಟಿನ ಚಿತ್ರ, ಒಂದು ಸರ್ಟಿಫಿಕೇಟು. ಅದನ್ನು ಅಂಚೆಯಲ್ಲಿ ಕಳಿಸಿದರೆ 1978ರಲ್ಲಿ ಲ್ಯೂಕ್, ಲೇಯಾ, ಚ್ಯೂಬಾಕಾ ಮತ್ತು ಆರ್‌ಟೂ-ಡೀಟೂ ಮನೆಗೆ ಬರುತ್ತವೆ. ಮಕ್ಕಳು ಹಬ್ಬದ ದಿನ ಖಾಲಿ ರಟ್ಟು ಹಿಡಿದುಕೊಂಡು ಕಾದರು.

ಮುಂದಿನದು ಇನ್ನೂ ತಮಾಷೆ. 2005ರಲ್ಲಿ ಹ್ಯಾಸ್‌ಬ್ರೋ ಆ ಸರ್ಟಿಫಿಕೇಟ್ ಪೊಟ್ಟಣವನ್ನೂ ಮತ್ತೆ ಹೊರತಂದಿತು! 1977ರಲ್ಲಿ ಅದು ಡೆಡ್‌ಲೈನ್ ತಪ್ಪಿದ್ದಕ್ಕೆ ಹುಡುಕಿದ ಉಪಾಯ. ನಾವು ರೆಕಾರ್ಡ್ ಸಬ್ಮಿಟ್ ಮಾಡಲಾಗದೆ "ಸರ್, ನಾಳೆ ಕೊಡ್ತೀನಿ" ಅಂತ ಚೀಟಿ ಬರೆದುಕೊಟ್ಟ ಹಾಗೆ. ಇಪ್ಪತ್ತೆಂಟು ವರ್ಷದ ನಂತರ ಆ ಚೀಟಿಯೇ ಪ್ರಾಡಕ್ಟ್ ಆಯ್ತು.

ಇದಕ್ಕಿಂತ ವಿಚಿತ್ರ ಕಥೆ 'ಏಲಿಯನ್' ಸಿನಿಮಾದ್ದು. 1979ರಲ್ಲಿ ಕೆನ್ನರ್ ಹದಿನೆಂಟು ಇಂಚಿನ ದೊಡ್ಡ ಏಲಿಯನ್ ಬೊಂಬೆಯೊಂದನ್ನು ಮಾರಿತು. ಸಿನಿಮಾ ದೊಡ್ಡವರದ್ದು, ಬೊಂಬೆ ಮಕ್ಕಳದ್ದು. ಅದೇ ಸಿನಿಮಾದ ಪಾತ್ರಗಳನ್ನು ಸ್ಟಾರ್ ವಾರ್ಸ್ ಅಳತೆಯಲ್ಲಿ ಮಾಡುವ ಯೋಜನೆಯೂ ಇತ್ತು, ಪ್ರೊಟೋಟೈಪ್ ಹಂತದಲ್ಲೇ ನಿಂತುಹೋಯಿತು. ಮೂವತ್ತು ವರ್ಷ ಆ ಪ್ರೊಟೋಟೈಪ್‌ಗಳು ಸಂಗ್ರಾಹಕರ ಬಾಯಲ್ಲಿ ದಂತಕಥೆಯಾಗಿದ್ದವು. 2013ರಲ್ಲಿ ಸೂಪರ್‌ಸೆವೆನ್ ಅನ್ನುವ ಸಣ್ಣ ಕಂಪನಿ ಅವನ್ನು ಅದೇ ಐದು ಕೀಲಿನ ಶೈಲಿಯಲ್ಲಿ ತಯಾರಿಸಿ ಮಾರಿತು. ಅಂದರೆ ಹುಟ್ಟದೇ ಇದ್ದ ಬೊಂಬೆಗೆ ಮರುಹುಟ್ಟು. ಇತಿಹಾಸದ ಕೆಲಸವಾಗಿ ನನಗೆ ಇದು ಇಷ್ಟ. ಕೈಬಿಟ್ಟ ಡ್ರಾಯಿಂಗನ್ನು ಯಾರೋ ಹುಡುಕಿ ಮುಗಿಸಿದರಲ್ಲ ಅಂತ ಖುಷಿಯಾಗುತ್ತದೆ. ಆದರೆ ಇದೂ ಕೊನೆಗೆ ಕಾರ್ಡಿನೊಳಗೇ ಉಳಿದು ಗೋಡೆ ಸೇರುವ ವಸ್ತು.

ಈಗ ನನ್ನ ರೂಮ್‌ಮೇಟ್ ಪರವಾಗಿ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ರಾತ್ರಿ ರೂಮಿಗೆ ಸೇರಿಸಲ್ಲ. ಒಂದು, ಮರುಹುಟ್ಟು ಬೇಕೇ ಬೇಕು, ಯಾಕಂದರೆ ಹಳೆಯ ಬೊಂಬೆಗಳು ಸಾಯುತ್ತಿವೆ. ಮೆದು ಪ್ಲಾಸ್ಟಿಕ್ಕಿನಿಂದ ಪ್ಲಾಸ್ಟಿಸೈಜರ್ ನಿಧಾನಕ್ಕೆ ಹೊರಬಂದು ಮೈ ಅಂಟಂಟಾಗುತ್ತದೆ. ಬಿಳಿ ಎಬಿಎಸ್ ಬಿಸಿಲಿಗೆ ಹಳದಿಯಾಗುತ್ತದೆ. ಹೊಳಪಿನ ಪುಡಿ ಬೆರೆಸಿದ ಒಂದು ಬಗೆಯ ಚಿನ್ನದ ಬಣ್ಣದ ಪ್ಲಾಸ್ಟಿಕ್ ಎಂಬತ್ತು-ತೊಂಬತ್ತರ ದಶಕದ ಆಟಿಕೆಗಳಲ್ಲಿತ್ತು. ಅದು ವರ್ಷ ಕಳೆದಂತೆ ಎಷ್ಟು ಪೆಡಸಾಗುತ್ತದೆ ಅಂದರೆ, ಪೆಟ್ಟಿಗೆಯಿಂದ ತೆಗೆದು ಕೈ ತಿರುಗಿಸಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಹಳೆಯ ಬೊಂಬೆಯ ಮೇಲಿಂದಲೇ ಅಚ್ಚು ತೆಗೆದು ಇನ್ನೊಂದು ಮಾಡೋಣ ಅಂದರೆ ಅದೂ ಸುಲಭವಲ್ಲ. ಎಬಿಎಸ್ ತಣ್ಣಗಾಗುವಾಗ ಸುಮಾರು ಅರ್ಧ ಪರ್ಸೆಂಟ್ ಕುಗ್ಗುತ್ತದೆ. ಬೊಂಬೆಯ ಅಚ್ಚು, ಅಚ್ಚಿನ ಬೊಂಬೆ ಅಂತ ಹೋದರೆ ಪ್ರತಿ ತಲೆಮಾರೂ ಒಂಚೂರು ಕುಳ್ಳಗಾಗುತ್ತದೆ, ವಿವರ ಮಸುಕಾಗುತ್ತದೆ. ಸರಿಯಾಗಿ ಮಾಡಬೇಕಾದರೆ ಹೊಸ ಮೋಲ್ಡ್ ಕೊರೆಸಬೇಕು. ಅದಕ್ಕೆ ದುಡ್ಡು ಬೇಕು. ಆ ದುಡ್ಡು ಎಂಟು ವರ್ಷದ ಮಕ್ಕಳ ಹತ್ತಿರ ಇಲ್ಲ, ನಲವತ್ತು ದಾಟಿದವರ ಹತ್ತಿರ ಇದೆ. ಮಾರುಕಟ್ಟೆ ಅತ್ತ ತಿರುಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಎರಡನೆಯದು ಅವನೇ ಹೇಳಿದ್ದು. "ನಮ್ಮಪ್ಪನ ಕಾಲದ್ದು ಕಣೋ ಇದು. ಅವರಿಗೂ ಸಿಗಲಿಲ್ಲ, ನಂಗೂ ಸಿಗಲಿಲ್ಲ. ಈಗ ಸಿಕ್ಕಿದೆ, ಇಟ್ಕೊಳ್ಳೋಕೆ ಬಿಡು." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆದರೂ ಒಂದು ಪ್ರಶ್ನೆ ಕೇಳಬಹುದು. ಹಳೆಯದನ್ನು ಮರಳಿ ತರುವಾಗ ಅದರಲ್ಲಿ ಏನನ್ನು ತರಬೇಕು? ಮುಖವನ್ನೋ, ಪೊಟ್ಟಣವನ್ನೋ, ಅಥವಾ ಅದು ಕೆಲಸ ಮಾಡುತ್ತಿದ್ದ ರೀತಿಯನ್ನೋ?

ನನಗೆ ಈ ಪ್ರಶ್ನೆ ಹುಟ್ಟಿದ್ದು ಮೈಕ್ರೋಮ್ಯಾನ್ ಬಗ್ಗೆ ಓದುವಾಗ. ಇದು ಜಪಾನಿನ ಟಕಾರಾ ಕಂಪನಿಯದು. ಕಥೆ ಶುರುವಾಗುವುದು ಮಾತ್ರ ಅಮೆರಿಕದಲ್ಲಿ. 1964ರಲ್ಲಿ ಹ್ಯಾಸ್‌ಬ್ರೋ ಒಂದು ಅಡಿ ಎತ್ತರದ 'ಜಿ.ಐ. ಜೋ' ಸೈನಿಕನನ್ನು ಮಾಡಿತು. ಹುಡುಗರು ಗೊಂಬೆ ಅಂದರೆ ಕೊಳ್ಳುವುದಿಲ್ಲ ಅಂತ ಅದನ್ನು 'ಆ್ಯಕ್ಷನ್ ಫಿಗರ್' ಎಂದು ಕರೆದರು. ಟಕಾರಾ ಅದರ ಲೈಸೆನ್ಸ್ ಪಡೆಯಿತು, ಆಮೇಲೆ 1972ರಲ್ಲಿ ಅದೇ ಅಳತೆಯ ದೇಹವನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಒಳಗೆ ಯಂತ್ರ ಕಾಣುವ ಹಾಗೆ ಸೈಬೋರ್ಗ್ ಮಾಡಿತು. 1973ರಲ್ಲಿ ತೈಲ ಬಿಕ್ಕಟ್ಟು ಬಂದು ಪ್ಲಾಸ್ಟಿಕ್ ದುಬಾರಿಯಾಯಿತು. 1974ರಲ್ಲಿ ಬಂದ ಮೈಕ್ರೋಮ್ಯಾನ್ ಬರೀ ಹತ್ತು ಸೆಂಟಿಮೀಟರ್. ಅದಕ್ಕೊಂದು ಚಂದದ ಕಥೆಯನ್ನೂ ಕಟ್ಟಿದರು: ಇವರು ದೊಡ್ಡ ಮನುಷ್ಯರ ಸಣ್ಣ ಮಾದರಿಗಳಲ್ಲ, ನಿಜವಾಗಲೂ ಹತ್ತು ಸೆಂಟಿಮೀಟರ್ ಇರುವ ಅನ್ಯಲೋಕದವರು. ನಿಮ್ಮ ಕೈಯಲ್ಲಿರುವುದು ಮಾದರಿಯಲ್ಲ, ಅಸಲಿ ಆಳು!

1976ರಲ್ಲಿ ಅಮೆರಿಕದ ಮೀಗೋ ಕಂಪನಿ ಇವನ್ನು 'ಮೈಕ್ರೋನಾಟ್ಸ್' ಎಂಬ ಹೆಸರಿನಲ್ಲಿ ತಂದಿತು. ಈ ಆಟಿಕೆಗಳಲ್ಲಿ ನನ್ನ ತಲೆ ಕೆಡಿಸಿದ್ದು ಕ್ರೋಮ್ ತಲೆಯಲ್ಲ, ಪಾರದರ್ಶಕ ಮೈಯಲ್ಲ. ಒಂದು ಅಳತೆ. 5 ಮಿ.ಮೀ. ಬೊಂಬೆಗಳ, ವಾಹನಗಳ, ಬಂಗಲೆಗಳ ಮೇಲೆಲ್ಲ 5 ಮಿ.ಮೀ. ತೂತು, 5 ಮಿ.ಮೀ. ಗೂಟ. ಒಂದರ ಚಕ್ರ ಇನ್ನೊಂದರ ಬೆನ್ನಿಗೆ, ಅದರ ರೆಕ್ಕೆ ಮೂರನೆಯದರ ತಲೆಗೆ. ಪೆಟ್ಟಿಗೆಯ ಮೇಲಿನ ಚಿತ್ರದಂತೆಯೇ ಜೋಡಿಸಬೇಕು ಅನ್ನುವ ನಿಯಮವಿಲ್ಲ. ಬ್ಯಾರನ್ ಕಾರ್ಜಾ ಅನ್ನುವ ಖಳನಾಯಕನ ಕೈಕಾಲುಗಳಿಗೆ ಗೂಟದ ಬದಲು ಅಯಸ್ಕಾಂತದ ಕೀಲು. ಅವನ ಮುಂಡವನ್ನು ಅವನದೇ ಕುದುರೆಯ ದೇಹಕ್ಕೆ ತಾಗಿಸಿದರೆ ನಮ್ಮ ಪುರಾಣದ ಕಿನ್ನರರನ್ನು ನೆನಪಿಸುವ ಅರ್ಧ ಮನುಷ್ಯ, ಅರ್ಧ ಕುದುರೆ.

ಮೀಗೋ 1982ರಲ್ಲಿ ದಿವಾಳಿಯಾಯಿತು. ಆದರೆ ಟಕಾರಾದ ಅದೇ ಮನೆಯಿಂದ 1980ರಲ್ಲಿ ಡಯಾಕ್ಲೋನ್ ಬಂದಿತ್ತು. ಮೂರು ಸೆಂಟಿಮೀಟರಿನ ಪೈಲಟ್‌ಗಳು, ಪಾದದಲ್ಲಿ ಅಯಸ್ಕಾಂತ, ಅವರು ಓಡಿಸುವ ರೋಬೋಟುಗಳು. ಮೈಕ್ರೋಮ್ಯಾನ್‌ನ ಒಂದು ಶಾಖೆಯಲ್ಲಿ ಕ್ಯಾಸೆಟ್ ಪ್ಲೇಯರ್, ಪಿಸ್ತೂಲು ಇಂಥ ಮನೆಸಾಮಾನಿನ ರೂಪ ತಾಳುವ ರೋಬೋಟುಗಳಿದ್ದವು. ಇವೆರಡನ್ನೂ ಹ್ಯಾಸ್‌ಬ್ರೋ ಕೊಂಡು ಒಂದೇ ಕಥೆಯೊಳಗೆ ಹಾಕಿ 1984ರಲ್ಲಿ ಕೊಟ್ಟ ಹೆಸರು ನಿಮಗೆಲ್ಲ ಗೊತ್ತು: ಟ್ರಾನ್ಸ್‌ಫಾರ್ಮರ್ಸ್. ಆಪ್ಟಿಮಸ್ ಪ್ರೈಮ್ ಡಯಾಕ್ಲೋನ್ ಕಡೆಯವನು, ಬಂಬಲ್‌ಬೀ ಮೈಕ್ರೋಮ್ಯಾನ್ ಕಡೆಯವನು. ಹೊಸ ಕಥೆಯಲ್ಲಿ ಅವರಿಗೆ ಜೀವ ಬಂತು, ಓಡಿಸುವವರು ಬೇಡವಾದರು. ಆದರೆ ಮೋಲ್ಡ್ ಹಳೆಯದೇ. ಹಾಗಾಗಿ ಮೊದಲ ಟ್ರಾನ್ಸ್‌ಫಾರ್ಮರ್ ಕಾರುಗಳಲ್ಲಿ ಕೆಲವನ್ನು ತೆರೆದು ನೋಡಿದರೆ ಒಳಗೆ ಸೀಟು ಇದೆ. ಯಾರೂ ಕೂರದ ಪುಟ್ಟ ಸೀಟು.

ಆ ಖಾಲಿ ಸೀಟಿನ ಕಥೆ ಕೇಳಿದಾಗ ಮರುಹುಟ್ಟು ಅಂದರೇನು ಅಂತ ನನಗೆ ಸ್ವಲ್ಪ ಹೊಳೆಯಿತು. 2016ರಲ್ಲಿ ಟಕಾರಾ ಟೋಮಿ ಡಯಾಕ್ಲೋನನ್ನು ಮತ್ತೆ ಶುರು ಮಾಡಿತು. ಅವರು ಹಳೆಯ ರೋಬೋಟನ್ನು ಇದ್ದಂತೆ ಅಚ್ಚು ಹಾಕಿ ಸುಮ್ಮನಾಗಲಿಲ್ಲ. ಹೊಸ ವಾಹನಗಳನ್ನು ವಿನ್ಯಾಸ ಮಾಡಿದರು. ಆದರೆ ಪುಟ್ಟ ಪೈಲಟ್ ಇದ್ದಾನೆ, ಅವನ ಪಾದದಲ್ಲಿ ಅಯಸ್ಕಾಂತ ಇದೆ, ಅವನಿಗೊಂದು ಸೀಟಿದೆ. ಈ ಬಾರಿ ಅವನ ಕೈಕಾಲಿಗೆ ಒಳ್ಳೆಯ ಕೀಲುಗಳೂ ಬಂದಿವೆ. ಮುಖ ಹೋಯಿತು, ಆಟ ಉಳಿಯಿತು. 2024ರಲ್ಲಿ ಅದೇ ಕಂಪನಿ 'ಮಿಸ್ಸಿಂಗ್ ಲಿಂಕ್' ಅಂತ ಇನ್ನೊಂದು ಪ್ರಯೋಗ ಮಾಡಿತು. ನೋಡಲು ಅದು ಎಂಬತ್ತರ ದಶಕದ ಆಪ್ಟಿಮಸ್ಸೇ, ಆದರೆ ಹಳೆಯವನು ಮಾಡಲಾಗದಂತೆ ಕೈಕಾಲು ಮಡಚುತ್ತಾನೆ. ಹಳೆಯ ಎಂಜಿನಿಯರ್ ಕೈಯಲ್ಲಿ ಆಗ ಇಲ್ಲದ್ದನ್ನು ಇವತ್ತಿನ ಎಂಜಿನಿಯರ್ ತುಂಬಿಕೊಟ್ಟಿದ್ದಾನೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಇನ್ನೂ ಹಳೆಯದು. 1968ರಲ್ಲಿ ಅಮೆರಿಕದ ಕಲರ್‌ಫಾರ್ಮ್ಸ್ ಕಂಪನಿ 'ಔಟರ್ ಸ್ಪೇಸ್ ಮೆನ್' ಎಂಬ ಅನ್ಯಗ್ರಹದವರನ್ನು ಮಾಡಿತು. ವಿನ್ಯಾಸ ಮೆಲ್ ಬರ್ನ್‌ಕ್ರಾಂಟ್ ಅವರದು. ರಬ್ಬರಿನಂಥ ಮೈ, ಒಳಗೆ ತಂತಿ, ಹೇಗೆ ಬೇಕಾದರೂ ಬಗ್ಗಿಸಬಹುದು. ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಏನಾಗುತ್ತದೆ ಅಂತ ಮೂರನೇ ಸೆಮಿಸ್ಟರ್‌ನಲ್ಲಿ ಫಟೀಗ್ ಪಾಠ ಕೇಳಿದವರಿಗೆಲ್ಲ ಗೊತ್ತು. ಮಕ್ಕಳು ಪ್ರೀತಿಯಿಂದ ಆಡಿದಷ್ಟೂ ಬೇಗ ಮುರಿಯುವ ಡಿಸೈನ್ ಅದು. 2010ರ ಸುಮಾರಿಗೆ ಫೋರ್ ಹಾರ್ಸ್‌ಮೆನ್ ಎಂಬ ಶಿಲ್ಪಿಗಳ ತಂಡ ಇವರನ್ನು ಮರಳಿ ತಂದಿತು. ತಂತಿ ತೆಗೆದುಹಾಕಿ ಕೀಲು ಹಾಕಿದರು. ಆ ಕೀಲನ್ನು ತಾವೇ ಹೊಸದಾಗಿ ಕಂಡುಹಿಡಿಯಲು ಹೋಗಲಿಲ್ಲ. ಒನೆಲ್ ಡಿಸೈನ್ ಎಂಬ ಇನ್ನೊಂದು ಪುಟ್ಟ ಸಂಸ್ಥೆಯ 'ಗ್ಲಯೋಸ್' ಅನ್ನುವ ಗೂಟದ ವ್ಯವಸ್ಥೆಯನ್ನು ಬಳಸಿದರು. ಅದನ್ನು ಬೇರೆ ಬೇರೆ ಸ್ವತಂತ್ರ ಆಟಿಕೆ ತಯಾರಕರೂ ಬಳಸುತ್ತಾರೆ. ಪರಿಣಾಮ ಏನಪ್ಪಾ ಅಂದರೆ, 1968ರ ಶುಕ್ರಗ್ರಹದವನ ತಲೆಯನ್ನು ಕಿತ್ತು, ಬೇರೆ ಯಾರೋ ಬೇರೆ ಊರಿನಲ್ಲಿ ಮಾಡಿದ ರೋಬೋಟಿನ ಮೈಗೆ ಸಿಕ್ಕಿಸಬಹುದು. ಯಾರ ಪರ್ಮಿಷನ್ನೂ ಬೇಡ.

ನನ್ನ ತಕರಾರು ಇಷ್ಟೇ. ಕಾರ್ಡಿನ ಸವೆತವನ್ನು ಪ್ರಿಂಟ್ ಮಾಡುವುದು ಸುಲಭ, ಗೂಟದ ಅಳತೆಯನ್ನು ಉಳಿಸಿಕೊಂಡು ಬರುವುದು ಕಷ್ಟ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಎರಡನೆಯದು ಕೈಗೆ ಮಾತ್ರ ಗೊತ್ತಾಗುತ್ತದೆ. ಆದರೆ ಐವತ್ತು ವರ್ಷ ಬದುಕಿ ಉಳಿದದ್ದು ಎರಡನೆಯದೇ. ಇವತ್ತು ಸಂಗ್ರಾಹಕರಿಗಾಗಿ ಬರುವ ಟ್ರಾನ್ಸ್‌ಫಾರ್ಮರ್ ಬೊಂಬೆಗಳ ಮುಷ್ಟಿಯ ತೂತು ಅಳೆದು ನೋಡಿ, 5 ಮಿ.ಮೀ. 2019ರ ಸುಮಾರಿಗೆ ಬಂದ 'ಸೀಜ್' ಸರಣಿಯಲ್ಲಂತೂ ಮೈತುಂಬಾ ಅದೇ ತೂತು, ಎಲ್ಲಿ ಬೇಕಾದರೂ ಆಯುಧ ಸಿಕ್ಕಿಸಬಹುದು. ಮೀಗೋ ಮುಳುಗಿತು, ಪಾತ್ರಗಳ ಹೆಸರು ಬದಲಾಯಿತು, ಕಥೆ ಬದಲಾಯಿತು, ಮಾಲೀಕರು ಬದಲಾದರು. ಒಂದು ವ್ಯಾಸ ಮಾತ್ರ ಉಳಿಯಿತು.

ಅದು ಉಳಿಯುವುದೂ ಸುಲಭವಲ್ಲ ಅಂತ ಕೈಯಾರೆ ಕಲಿತೆ. ಹೋದ ಸೆಮಿಸ್ಟರ್ ನಮ್ಮ ಲ್ಯಾಬಿನ ತ್ರೀಡಿ ಪ್ರಿಂಟರ್‌ನಲ್ಲಿ 5 ಮಿ.ಮೀ. ಗೂಟ ಮತ್ತು ತೂತು ಮಾಡಲು ಕೂತೆ. ಸಾಫ್ಟ್‌ವೇರ್‌ನಲ್ಲಿ ಎರಡಕ್ಕೂ ಐದೇ ಕೊಟ್ಟೆ. ತೂತು ಸಣ್ಣಗಾಗಿ ಬಂತು, ಗೂಟ ಒಳಗೆ ಹೋಗಲೇ ಇಲ್ಲ. ತೂತು ದೊಡ್ಡ ಮಾಡಿದೆ, ಲೊಡಲೊಡ. ಬಿಗಿ ಮಾಡಿದೆ, ಎರಡು ಸಲ ಹಾಕಿ ತೆಗೆಯುವಷ್ಟರಲ್ಲಿ ಪದರ ಸೀಳಿತು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ ಸ್ವರ್ಗ ನರಕ ಎರಡೂ ಇವೆ. ಏಳನೇ ಸಲ ಸರಿಹೋಯಿತು. ಮೋಲ್ಡ್ ಮಾಡುವವರು ಇದನ್ನು ಲಕ್ಷಗಟ್ಟಲೆ ಬೊಂಬೆಗಳಲ್ಲಿ, ಬಣ್ಣ ಬದಲಾದರೂ, ಪ್ಲಾಸ್ಟಿಕ್ ಬದಲಾದರೂ ಕಾಪಾಡಬೇಕು. 2002ರಲ್ಲಿ ಅಮೆರಿಕದ ಒಂದು ಸಣ್ಣ ಕಂಪನಿ ಮೈಕ್ರೋನಾಟ್ಸ್ ಮರಳಿ ತಂದಾಗ ಮುಖ, ಬಣ್ಣ, ಪೆಟ್ಟಿಗೆ ಎಲ್ಲ ಚೆನ್ನಾಗಿತ್ತು. ಮೊದಲ ಕಂತು ಎಡವಿದ್ದು ಕೀಲುಗಳಲ್ಲೇ.

ಈಗ ನಮ್ಮ ಸ್ಟೋರ್ ರೂಮಿಗೆ ಬರೋಣ. ಈ ಗೂಟ ಪ್ರಿಂಟ್ ಮಾಡುವ ಹುಚ್ಚು ಹಿಡಿದದ್ದೇ ಅಲ್ಲಿ.

ಕಳೆದ ವರ್ಷ ನಮ್ಮ ರೋಬೋಟಿಕ್ಸ್ ತಂಡಕ್ಕೆ ಚಕ್ರ ಬೇಕಿತ್ತು. ಸ್ಟೋರ್ ರೂಮಿನಲ್ಲಿ ಎರಡು ಬ್ಯಾಚ್ ಹಿಂದಿನ ಸೀನಿಯರುಗಳ ರೋವರ್ ಇತ್ತು. ಅದರ ಫೋಟೋ ಇವತ್ತಿಗೂ ಡಿಪಾರ್ಟ್‌ಮೆಂಟ್ ಕಾರಿಡಾರಿನಲ್ಲಿ ಫ್ರೇಮ್ ಹಾಕಿಸಿ ನೇತು ಹಾಕಿದ್ದಾರೆ, ಶಾಲು ಹೊದ್ದು ನಿಂತ ಸೀನಿಯರುಗಳ ಸಮೇತ. ಆ ರೋವರಿನಿಂದ ಒಂದೇ ಒಂದು ಭಾಗ ನಮಗೆ ಉಪಯೋಗಕ್ಕೆ ಬರಲಿಲ್ಲ. ಮೋಟಾರ್ ಬ್ರಾಕೆಟ್ಟಿನ ತೂತುಗಳು ಯಾವ ಲೆಕ್ಕಕ್ಕೂ ಸಿಗದ ದೂರದಲ್ಲಿದ್ದವು. ಡ್ರಾಯಿಂಗ್ ಇಲ್ಲ. ಅರ್ಧ ಭಾಗ ಹಾಟ್ ಗ್ಲೂ. ಚಕ್ರ ಬಿಡಿಸಲು ಹೋಗಿ ಹಬ್ ಮುರಿಯಿತು. ಸೀನಿಯರನ್ನು ಬೈಯುತ್ತಾ ಹೊಸ ಚಕ್ರ ಆರ್ಡರ್ ಮಾಡಿದೆವು, ಹೊಸ ಬ್ರಾಕೆಟ್ ಡಿಸೈನ್ ಮಾಡಿದೆವು. ಅದರ ತೂತಿನ ದೂರ ಎಷ್ಟಿತ್ತು? ನಮಗೆ ಆ ಹೊತ್ತಿಗೆ ಅನುಕೂಲವಾದಷ್ಟು. ಎಲ್ಲೂ ಬರೆದಿಡಲಿಲ್ಲ. ಹಾಟ್ ಗ್ಲೂ ನಾವೂ ಬಳಸಿದೆವು.

ಅಂದರೆ ನಾವು ಮುಖ ಉಳಿಸಿಕೊಂಡು ಕೀಲು ಕಳೆದುಕೊಂಡ ಜನ. ಪ್ರತಿ ವರ್ಷ ಫೋಟೋ ಗೋಡೆಗೆ, ಯಂತ್ರ ಗುಜರಿಗೆ. ಪ್ರತಿ ಬ್ಯಾಚೂ ಸೊನ್ನೆಯಿಂದ ಶುರು. ರೂಮ್‌ಮೇಟ್ ವೇಡರನ್ನು ಕಾರ್ಡಿನಿಂದ ತೆಗೆಯುತ್ತಿಲ್ಲ ಅಂತ ನಗುವ ಹಕ್ಕು ನನಗೆಲ್ಲಿದೆ? ಅವನು ತನ್ನ ದುಡ್ಡಿನ ಒಂದು ಬೊಂಬೆಯನ್ನು ಗೋಡೆಗೆ ಹಾಕಿದ್ದಾನೆ. ನಾವು ಎಲ್ಲರಿಗೂ ಸೇರಿದ ಲ್ಯಾಬನ್ನು ಗೋಡೆಗೆ ಹಾಕಿದ್ದೇವೆ.

ಇದಕ್ಕೆ ದೊಡ್ಡ ಕಮಿಟಿ, ಪಾಲಿಸಿ ಏನೂ ಬೇಡ. ನಮ್ಮ ತಂಡ ಈ ವರ್ಷ ಎರಡೇ ನಿಯಮ ಮಾಡಿಕೊಂಡಿದೆ. ಎಲ್ಲ ಪ್ಲೇಟುಗಳಲ್ಲೂ ಎಂ3 ಬೋಲ್ಟಿನ ತೂತು, 20 ಮಿ.ಮೀ. ಅಂತರದಲ್ಲಿ, ಬೇಕಿರಲಿ ಬೇಡದಿರಲಿ. ಬಿಚ್ಚಬೇಕಾದ ಜಾಗದಲ್ಲಿ ಗ್ಲೂ ಇಲ್ಲ. ಅಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸ್ಟೋರ್ ರೂಮಿನ ಬಾಗಿಲಿಗೆ ಒಳಗಿನಿಂದ ಅಂಟಿಸಿದ್ದೇವೆ. ಚಂದ ಕಾಣಲ್ಲ ಅಂತ ಒಬ್ಬ ಗೊಣಗಿದ, ಬೇಡದ ಕಡೆ ತೂತು ಯಾಕೆ ಅಂತ. ನಿಜ, ಚಂದ ಕಾಣಲ್ಲ. ಮೈಕ್ರೋನಾಟ್ಸ್ ಮೈಮೇಲಿನ ತೂತುಗಳೂ ಚಂದ ಕಾಣಲ್ಲ. ಆ ತೂತು ನಮಗಲ್ಲ, ಮುಂದೆ ಬರುವವರಿಗೆ. ಅವರು ಅದಕ್ಕೆ ಏನು ಸಿಕ್ಕಿಸುತ್ತಾರೆ ಅಂತ ನಮಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಜೂನ್‌ನಲ್ಲಿ ಮುಗಿಯುತ್ತದೆ. ವೈವಾ ಮುಗಿದ ಸಂಜೆ ಫೋಟೋ ತೆಗೆಸಿಕೊಳ್ಳಿ, ಖಂಡಿತ ತೆಗೆಸಿಕೊಳ್ಳಿ. ಆದರೆ ಹೊರಡುವ ಮುಂಚೆ ಒಂದು ಹಾಳೆಯಲ್ಲಿ ತೂತಿನ ಅಳತೆ, ಬೋಲ್ಟಿನ ಸೈಜು, ಕನೆಕ್ಟರಿನ ಹೆಸರು ಬರೆದು ಯಂತ್ರಕ್ಕೇ ಅಂಟಿಸಿ ಹೋಗಿ. ಸಿವಿಲ್‌ನವರು, ಕಂಪ್ಯೂಟರ್ ಸೈನ್ಸ್‌ನವರು ನಮಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ನಿಮ್ಮ ಸೀನಿಯರ್ ಬರೆದ ಕೋಡ್ ಕೊನೆಯ ಸಲ ಯಾವಾಗ ರನ್ ಆಯ್ತು ಹೇಳಿ ನೋಡೋಣ.

ಅಂದಹಾಗೆ, ಮೊನ್ನೆ ನಾನು ಏಳನೇ ಸಲಕ್ಕೆ ಸರಿಹೋದ ಆ ಗೂಟವನ್ನು ರೂಮ್‌ಮೇಟ್‌ಗೆ ತೋರಿಸಿದೆ. ಹಾಕಿದ, ತೆಗೆದ, ಮತ್ತೆ ಹಾಕಿದ. ಹತ್ತು ನಿಮಿಷ ಕೈಯಲ್ಲೇ ಇಟ್ಟುಕೊಂಡು ಆಡಿದ. ಆಮೇಲೆ ಗೋಡೆ ಕಡೆ ಒಮ್ಮೆ ನೋಡಿ, "ಇನ್ನೊಂದು ವೇಡರ್ ತರಿಸ್ತೀನಿ ಕಣೋ, ಬಿಚ್ಚೋಕೆ" ಅಂದ. ಮುಂದಿನ ಸ್ಟೈಪೆಂಡ್‌ಗೆ ಕಾಯ್ತಾ ಇದ್ದೀವಿ.